ನಾಲ್ಕು ಸೆಕೆಂಡು

ರಿಜಿಸ್ಟರ್ಡ್ ಲಕೋಟೆ ಎದೆಗವಚಿಕೊಂಡು ಬಂದಿದ್ದಳು
ಐಲಾ ಕೊರ್ಪೆಲಾ.
ಇಪ್ಪತ್ತೆರಡು ವರ್ಷ ಕಂಡವರ ಸಂಕಟ ಕೇಳಿದವಳು
ನನ್ನ ಕುರ್ಚಿಯ ತುದಿಗೆ ಕೂತು
ಮೊದಲು ಕೇಳಿದ್ದು:
"ಒಂದು ಫೋನು ಮಾಡಲೇ ಅವನಿಗೆ?
ತಪ್ಪಾಯಿತು ಅಂದುಬಿಡಲೇ?"

ಬೇಡ ಅಂದೆ.
ನನ್ನ ಕಸುಬಿನ ಅರ್ಧ ಈ ಒಂದು ಪದ.
ಫೋನು ಬೇಡ, ಪತ್ರ ಬೇಡ,
ಅಂಗಡಿಯಲ್ಲಿ ಎದುರಾದರೆ ನಗುವುದೂ ಬೇಡ.
ಫೈಲಿನಲ್ಲಿ ಒಂದು ಅಲ್ಪವಿರಾಮ ಕದಲಿಸಿದರೂ
ನಿನ್ನನ್ನು ಉಳಿಸಲು ನನ್ನಿಂದಾಗದು.

ಏಪ್ರಿಲ್ ಬಂದರೂ ಡುಲೂತ್‌ನ ದಡ ಬಿಡದ ಮಂಜುಗಡ್ಡೆ.
ಅದಿರಿನ ಹಡಗೊಂದು ಸೇತುವೆ ಏಳಲೆಂದು ಕೂಗಿತು,
ಉದ್ದ, ಗಿಡ್ಡ, ಉದ್ದ, ಗಿಡ್ಡ.
ಸೇತುವೆಯೂ ಹಾಗೆಯೇ ಕೂಗಿತು.
"ಈ ಊರಲ್ಲಿ ಕಬ್ಬಿಣವೂ ಕರೆದರೆ ಓಗೊಡುತ್ತದೆ" ಅಂದಳು.
ನಾನು ಅದನ್ನು ಬರೆದುಕೊಳ್ಳಲಿಲ್ಲ.

ದೂರು ಅರ್ಧ ಪುಟ.
ಹದಿನೇಳನೆಯ ಭೇಟಿ.
ತಮ್ಮ ಮಂಜುಗಡ್ಡೆಯಡಿ ಜಾರಿಹೋದ ಮಧ್ಯಾಹ್ನವನ್ನು
ಅವನು ಮೊದಲ ಸಲ ಬಾಯಿಬಿಟ್ಟು ಹೇಳುತ್ತಿದ್ದಾಗ
ಎದುರಿದ್ದವಳ ಕಣ್ಣು ಮುಚ್ಚಿಕೊಂಡವು.
"ನಾನಿನ್ನೂ ನೀರಿನ ಪಕ್ಕದಲ್ಲೇ ಇದ್ದೆ,
ಅವಳು ಇರಲಿಲ್ಲ" ಎಂದು ಬರೆದಿದ್ದ.
ಎದುರಾಳಿಯ ವಾಕ್ಯ ಇಷ್ಟವಾಗುವುದು
ವಕೀಲರಿಗೆ ಒಳ್ಳೆಯ ಲಕ್ಷಣವಲ್ಲ.

ಮಾತು ಆಡಿದರೆ ಹೋಯಿತು ಅನ್ನುತ್ತಾರೆ.
ಇವರಿಗೆ ಆಡದಿದ್ದರೆ ಲೈಸೆನ್ಸು ಹೋಗುತ್ತದೆ.
ಬರೀ ಕಿವಿಯಾಗಿ ಬದುಕಿದವರಿಗೆ
ಬಾಯಿ ಹುಡುಕಿಕೊಟ್ಟು ಹೊಟ್ಟೆ ಹೊರೆಯುತ್ತೇನೆ ನಾನು.

ದೂರು ಕೊಟ್ಟವನ ಗುಟ್ಟಿನ ಬೀಗ
ಅಷ್ಟರಮಟ್ಟಿಗೆ ಸಡಿಲ,
ನಮ್ಮ ರಕ್ಷಣೆಗೆ ಬೇಕಾದಷ್ಟು, ಅನ್ನುತ್ತದೆ ಕಾನೂನು.
ಬೇಕಾದಷ್ಟು ಅಂದರೆ ಎಷ್ಟು?
ಹನ್ನೊಂದನೆಯ ಭೇಟಿಯ ಪುಟದಲ್ಲಿ ಸಿಕ್ಕೇಬಿಟ್ಟಿತು:
ಹೆಂಡತಿಗೂ ಹೇಳದ್ದು, ಪಾದ್ರಿಗೂ ಹೇಳದ್ದು,
ಮಂಡಳಿಯ ಮೇಜಿಗೆ ಬಿದ್ದರೆ
ಅವನ ಮಾತು ಮೂರು ಕಾಸಿಗೂ ಬಾಳದು.
ಹಳದಿ ಚೀಟಿ ಅಂಟಿಸಿದೆ.

ಐಲಾ ಅದನ್ನು ಕಿತ್ತು, ಮಡಚಿ,
ನನ್ನ ಕಾಫಿ ಲೋಟದ ಕೆಳಗಿಟ್ಟಳು.
"ನನ್ನ ಕಿವಿಗೆ ಕೊಟ್ಟದ್ದು. ನಿಮ್ಮ ನಾಲಿಗೆಗಲ್ಲ."
ಲೈಸೆನ್ಸು?
"ಗೋಡೆ ಖಾಲಿಯಾದರೆ ಕ್ಯಾಲೆಂಡರು ತೂಗುಹಾಕುತ್ತೇನೆ."
ಧೈರ್ಯವೇನೂ ಅಲ್ಲ. ಬೆರಳು ನಡುಗುತ್ತಿದ್ದವು.
ಮನೆಸಾಲದ ಕಂತು ಇನ್ನೂ ಒಂಬತ್ತು ವರ್ಷ.

ಹದಿನೇಳರ ಪುಟದಲ್ಲಿ, ಅದೇ ದಿನದ ತಾರೀಕಿನಲ್ಲಿ,
ಅವಳದೇ ಕೈಬರಹ:
"ತೂಕಡಿಸಿದೆ. ನಾಲ್ಕು ಸೆಕೆಂಡು ಇರಬಹುದು. ಅವನು ನೋಡಿದ.
ಮುಂದಿನ ವಾರ ಮೊದಲು ಇದೇ ಮಾತು."
ಮುಂದಿನ ವಾರ ಅವನು ಬರಲಿಲ್ಲ.
ಅದರ ಮುಂದಿನ ವಾರವೂ.
ಖಾಲಿ ಕುರ್ಚಿಯ ಎದುರು ಐವತ್ತು ನಿಮಿಷ ಕೂತೆ
ಎಂದು ಎರಡು ಸಲ ಬರೆದಿದೆ.

ಈ ಹಾಳೆಯನ್ನು ಹೇಗೆ ಮೆತ್ತಗಾಗಿಸಲೆಂದು
ಒಂದು ರಾತ್ರಿ ಪೂರ್ತಿ ನೋಡಿದೆ.
ಬೆಳಿಗ್ಗೆ ಅದನ್ನೇ ಮೊದಲ ದಾಖಲೆ ಮಾಡಿದೆ.

ಸೇಂಟ್ ಪಾಲ್‌ಗೆ ಎರಡೂವರೆ ಗಂಟೆಯ ದಾರಿ.
ಹಿಂಕ್ಲಿಯಲ್ಲಿ ಬನ್ನು ಕೊಂಡೆವು, ಅವಳು ತಿನ್ನಲಿಲ್ಲ.
ದಾರಿಯುದ್ದಕ್ಕೂ ಪಾಠ ಮಾಡಿದೆ:
ಚಿಕ್ಕ ಉತ್ತರ. ದಾಖಲೆಯ ಪ್ರಕಾರ ಅನ್ನು.
ಇರಬಹುದು ಅನ್ನು. ಹೌದು ಅನ್ನಬೇಡ.

"ನಿದ್ದೆ ಹೋದಿರಾ?" ಅಂದರು ಮೂವರಲ್ಲಿ ನಡುವಿನವರು.
"ಹೌದು."
ಆಮೇಲೆ ಸುಮ್ಮನಾದಳು.
ಮೌನದಲ್ಲಿ ಕೂರುವುದು ಅವಳ ಕಸುಬು, ಅವರದಲ್ಲ.
ಒಬ್ಬರು ನೀರು ಕುಡಿದರು. ಒಬ್ಬರು ಕುರ್ಚಿ ಜರುಗಿಸಿದರು.
ನಾನು ಪೆನ್ನಿನ ಮುಚ್ಚಳ ತೆಗೆದು ಹಾಕಿದೆ, ತೆಗೆದು ಹಾಕಿದೆ.

ಜೂನಿನಲ್ಲಿ ಪತ್ರ ಬಂತು.
ಆರು ಗಂಟೆ ತರಬೇತಿ, ಒಂದು ವರ್ಷ ಮೇಲ್ವಿಚಾರಣೆ,
ಲೈಸೆನ್ಸು ಗೋಡೆಯ ಮೇಲೆಯೇ.
ಆರಾರು ನಿಮಿಷಕ್ಕೆ ಕತ್ತರಿಸಿ ಬಿಲ್ಲು ಬರೆದೆ:
ನಾಲ್ಕು ಸೆಕೆಂಡಿಗೆ ನಲವತ್ತೊಂದು ಗಂಟೆ.
ಚೆಕ್ಕಿಗೆ ಸಹಿ ಹಾಕಿ, ಹರಿದು, ಕೊಟ್ಟು,
ಐಲಾ ಕೇಳಿದಳು:
"ಈಗ ಮಾಡಬಹುದೇ, ಫೋನು?"

ಕಾನೂನಿನಲ್ಲಿ ಇದಕ್ಕೆ ಉತ್ತರವಿದೆ.
ಬಾಯಿ ತೆರೆದೆ.
ಅವಳು ಕಾಯುತ್ತಿದ್ದಳು,
ಕಣ್ಣು ಮಿಟುಕಿಸದೆ.