ಜೇಬು

ಶಿವರಾಂಪೇಟೆಯ ನನ್ನ ಅಂಗಡಿಯಲ್ಲಿ
ವೇಷಗಳು ಬಾಡಿಗೆಗೆ ಸಿಗುತ್ತವೆ.
ದಿನಕ್ಕೆ ನೂರೈವತ್ತು, ಮುಂಗಡ ಮುನ್ನೂರು,
ಕಲೆಯಾದರೆ ಒಗೆತದ ಖರ್ಚು ಬೇರೆ.
ಪೊಲೀಸು, ಬಾಲಕೃಷ್ಣ, ಈರನಗೆರೆ ಬದನೆಕಾಯಿ,
ಹುಲಿ. ಅದರ ಬಾಲ ಹೋಗಿದೆ, ಹೇಳಿಯೇ ಕೊಡುತ್ತೇನೆ.
ಮೂಲೆಯ ಮೊಳೆಗೆ ನರ್ಸು:
ಮೊಣಕಾಲು ಮುಟ್ಟದ ಬಿಳಿ ಫ್ರಾಕು,
ಸೊಂಟಕ್ಕೆ ಬಿಗಿಯುವ ಬೆಲ್ಟು, ರಟ್ಟಿನ ಟೊಪ್ಪಿ,
ಮೊಳದುದ್ದದ ಪ್ಲಾಸ್ಟಿಕ್ ಸಿರಿಂಜು.

ನಾನೇ ಹೊಲಿದದ್ದು. ಅಳತೆ ಎಲ್ಲಿಂದ ತಂದೆ?
ಯಾವುದೋ ಸಿನಿಮಾ, ಯಾವುದೋ ಕ್ಯಾಲೆಂಡರು,
ಸದ್ದು ಮಾಡಬೇಡಿ ಎಂದು
ತುಟಿಗೆ ಬೆರಳಿಟ್ಟ ಗೋಡೆಯ ಹುಡುಗಿ.

ನವೆಂಬರಿನ ಒಂದು ಬೆಳಗ್ಗೆ, ಷಟರು ಅರ್ಧ ಎತ್ತಿದ್ದೆ,
ಬಗ್ಗಿ ಒಳಗೆ ಬಂದರು ಒಬ್ಬರು.
ಕೈಯಲ್ಲಿ ಖಾಲಿ ಟಿಫನ್ ಬ್ಯಾಗು, ಕಣ್ಣು ಕೆಂಪಗೆ.
"ಮಗಳಿಗೆ ನರ್ಸಿನ ವೇಷ ಬೇಕಂತೆ, ನಾಳೆಗೆ.
ಬ್ಯಾಡ ಕಣೆ, ಬದನೆಕಾಯಿ ಆಗು ಅಂದೆ. ಕೇಳಲ್ಲ."

ಫ್ರಾಕು ಇಳಿಸಿಕೊಟ್ಟೆ. ತಿರುವಿ ನೋಡಿದರು, ಒಳಗೆ, ಹೊರಗೆ,
ಹೊಲಿಗೆಯುದ್ದಕ್ಕೂ ಬೆರಳಾಡಿಸಿದರು
ಸಿಗದ ನಾಡಿ ಹುಡುಕುವವರ ಹಾಗೆ.
"ಇದಕ್ಕೆ ಜೇಬೆಲ್ಲಿ?"
"ಜೇಬಾ?"
"ಜೇಬಿಲ್ದೆ ಹೆಂಗೆ ಡ್ಯೂಟಿ ಮಾಡೋದು?"

ನಲವತ್ತು ವರ್ಷ ಕತ್ತರಿ ಹಿಡಿದವನು
ಉತ್ತರ ಹೊಳೆಯದೆ ರಸೀತಿ ಪುಸ್ತಕ ತೆಗೆದೆ.
ಹೆಸರು ನೀಲಾಂಬಿಕೆ. ವಿಳಾಸ ಕೇಳಿದರೆ
ದೊಡ್ಡಾಸ್ಪತ್ರೆ, ಹನ್ನೊಂದನೇ ವಾರ್ಡು ಅಂದುಬಿಟ್ಟು
ಆಮೇಲೆ ನಕ್ಕು, ಮನೆಯದು ಬರೆಸಿದರು.
ನಾನೂ ಏನಾದರೂ ಹೇಳಬೇಕಲ್ಲ,
"ಪುಣ್ಯದ ಕೆಲಸ ತಾಯಿ, ದೇವತೆಗಳು ನೀವು" ಅಂದೆ.
ನೋಟು ಎಣಿಸುತ್ತಿದ್ದವರು ತಲೆ ಎತ್ತಲಿಲ್ಲ.
"ದೇವತೆಗೆ ಸಂಬಳ ಕೇಳೋ ಹಂಗಿಲ್ಲ, ಅಣ್ಣ.
ನಾಲ್ಕು ವರ್ಷ ಓದಿದೀನಿ ನಾನು."

ಮೂರನೆಯ ದಿನ ಬಟ್ಟೆ ವಾಪಸು ತಂದದ್ದು ಹುಡುಗಿಯ ಅಪ್ಪ.
ಸ್ಕೂಟರು ಆರಿಸದೆಯೇ ಹೇಳಿದರು:
ಸಿರಿಂಜು ಮನೆಯಲ್ಲೇ ಬಿಟ್ಟು ಹೋದಳಂತೆ ಇಂಚರ,
"ಅಮ್ಮ ಅದನ್ನ ಹಿಡ್ಕೊಂಡು ಯಾರ್ನೂ ಹೆದರಿಸಲ್ಲ."
ವೇದಿಕೆಯ ಮೇಲೆ ಒಂದು ಖಾಲಿ ಕುರ್ಚಿ ಇಟ್ಟುಕೊಂಡು
ಅದರ ಕೈ ಹಿಡಿದು, ಗಡಿಯಾರ ನೋಡುತ್ತ ನಿಂತೇಬಿಟ್ಟಳಂತೆ.
ಡೈಲಾಗು ಹೇಳು ಪುಟ್ಟಿ, ಡೈಲಾಗು, ಅಂತ ಮಿಸ್ಸು ಪಿಸುಗುಟ್ಟಿದರೆ
"ಎಣಿಸ್ತಾ ಇದೀನಿ, ಮಾತಾಡಿಸ್ಬೇಡಿ."
ಒಂದು ನಿಮಿಷ. ಪೂರಾ ಒಂದು ನಿಮಿಷ.

ಬಹುಮಾನ ಬಂತಾ?
ಬದನೆಕಾಯಿಗೆ ಬಂತಂತೆ.

ರಾತ್ರಿ ಬಟ್ಟೆ ತೂಗುಹಾಕುವಾಗ ಕಂಡೆ,
ಬಲಮಗ್ಗುಲಿಗೆ ಒಂದು ಚೌಕ,
ಯಾವುದೋ ಹಳೆಯ ಕೋಟಿನ ಮಾಸಿದ ನೀಲಿ,
ಕೈಹೊಲಿಗೆ, ಸಣ್ಣದು, ಬಿಗಿ.
ನನ್ನ ಕಣ್ಣಿಗೂ ತಪ್ಪು ಸಿಗಲಿಲ್ಲ.
ಒಳಗೆ ಬೆರಳು ಬಿಟ್ಟರೆ
ಎರಡು ಪೆನ್ನು, ಒಂದು ನೀಲಿ, ಒಂದು ಕೆಂಪು,
ಕತ್ತಲಲ್ಲೂ ಸಿಗಲೆಂದು ತುದಿ ಮಡಚಿದ ಪ್ಲಾಸ್ಟರಿನ ಸುರುಳಿ,
ಅರ್ಧ ತಿಂದು ಸುತ್ತಿಟ್ಟ ಬಿಸ್ಕತ್ತು,
ಮತ್ತು ದುಂಡು ಅಕ್ಷರದ ಒಂದು ಚೀಟಿ:
ನಾಕನೇ ಮಂಚ ಅಜ್ಜಿ. ಗಂಜಿಗೆ ಉಪ್ಪು ಬ್ಯಾಡ.
ಅವ್ರ ಮಗ ಬೈದ್ರೆ ಸುಮ್ನಿರ್ಬೇಕು, ಆಮೇಲೆ ನೀರು ಕೊಡ್ಬೇಕು.

ಇದನ್ನು ಆ ಮಗು ಯಾವಾಗ ನೋಡಿತು?
ಯಾರ ಜೇಬಿಂದ ನಕಲು ಮಾಡಿಕೊಂಡಿತು?

ಚೀಟಿ ರಸೀತಿ ಪುಸ್ತಕದಲ್ಲಿದೆ, ಕೇಳಿದರೆ ಕೊಡುತ್ತೇನೆ.
ಬಿಸ್ಕತ್ತು ಇರುವೆಗೆ ಹೋಯಿತು.
ಜೇಬು ಬಿಚ್ಚಲಿಲ್ಲ. ಅಂಚು ಬಿಚ್ಚಿದೆ,
ಒಳಗೆ ಮಡಚಿದ್ದ ಬಟ್ಟೆ ನಾಲ್ಕು ಬೆರಳು ಉದ್ದಕ್ಕೆ ಬಂತು.
ಬೆಲ್ಟು ಈಗ ಪೊಲೀಸಿಗೆ ಕೊಡುತ್ತೇನೆ.

ಮೊನ್ನೆ ಒಬ್ಬರು ಬಂದು, ಫ್ರಾಕು ಹಿಡಿದು,
"ಇದೇನ್ರೀ ತೇಪೆ? ಹರಿದಿತ್ತಾ?" ಅಂದರು.
ಹೂಂ ಅಂದೆ.
ಬಾಡಿಗೆ ಹತ್ತು ರೂಪಾಯಿ ಹೆಚ್ಚಿಗೆ ಹೇಳಿದೆ.