ಹಿಂದಕ್ಕೆ ಜಾರದ ಹಲ್ಲು

ಮಂಗಳವಾರ ಬಜಾರದಲ್ಲಿ ಕಿಲೋ ಲೆಕ್ಕಕ್ಕೆ ಸಿಕ್ಕವು.
ತಕ್ಕಡಿಗೆ ಸುರಿದಾಗ ಶೇಂಗಾದ ಸದ್ದು.
ಎರಡೂವರೆ ಕಿಲೋ ಬಣ್ಣದ ಇಟ್ಟಿಗೆ,
ನಡುವೆ ಮುರಿದ ಬಾಚಣಿಗೆ, ಯಾರದೋ ಹಾಲುಹಲ್ಲು,
ತಲೆಯಿಲ್ಲದ ಒಬ್ಬ ಮನುಷ್ಯ.

ಓವಿ, ನನ್ನ ತಂಗಿಯ ಮಗಳು, ಏಳು ತುಂಬಿ ಎಂಟು.
ಫೋನಿನಲ್ಲಿ ನೋಡಿದ್ದಳು ಯಾವುದೋ ದೇಶದ ರೈಲು,
ಗುಡ್ಡ ಹತ್ತಿ, ತುದಿಯಲ್ಲಿ ಒಂದು ಗಳಿಗೆ ನಿಂತು,
ಚೀರುವ ಜನರ ಸಮೇತ ಬೀಳುವುದು.
"ಮಾಮಾ, ಇದನ್ನ ಮಾಡೋಣು."

ನಾನು ಜಾಬರ್. ಅಕ್ಕಲಕೋಟ ರೋಡಿನ ಶೆಡ್ಡಿನಲ್ಲಿ
ಹದಿನಾರು ಮಗ್ಗಗಳ ಹೊಟ್ಟೆನೋವು ಬಲ್ಲವನು.
ಲಾಳಿ ಹಾರುವ ಸದ್ದು ಕೇಳಿಯೇ ಹೇಳಬಲ್ಲೆ
ಯಾವ ಬೋಲ್ಟು ಸಡಿಲವೆಂದು.
ಇದೇನು ಮಹಾ, ಅಂದೆ.

ಮಹಾ ಆಗಿತ್ತು.

ನಕಲಿ ಮಾಲು, ಒಂದಕ್ಕೊಂದು ಕಚ್ಚುವುದಿಲ್ಲ.
ಹಸಿರಿಗೆ ನೀಲಿ ಕೂಡದು, ಹಳದಿ ಯಾರಿಗೂ ಕೂಡದು.
ಓವಿ ಪಂಚಾಯ್ತಿ ಮಾಡಿ ಬೇರೆ ಬೇರೆ ಡಬ್ಬಿಗೆ ಹಾಕಿದಳು.
ತಿರುವಿಗೆ ಮಗ್ಗದ ತಂತಿ ಬಗ್ಗಿಸಿ ತಂದರೆ
"ಅದು ಮೋಸ, ಇಟ್ಟಿಗೀದು ಇಟ್ಟಿಗೀಲೇ ಆಗಬೇಕು."
ಸರಿ ತಾಯಿ ಅಂದು, ಒಂದೊಂದನ್ನೇ ಕೂದಲೆಳೆಯಷ್ಟು
ತಿರುಗಿಸಿ ಕೂರಿಸುತ್ತ ಹೋದೆ.
ಗಟ್ಟಿ ಕಚ್ಚಿದ್ದರೆ ತಿರುಗುತ್ತಿರಲಿಲ್ಲ.
ಆ ಸಡಿಲವೇ ಹೀಗೆ ಉಪಕಾರಕ್ಕೆ ಬಂದು
ಹಳಿ ನಿಧಾನಕ್ಕೆ ಬಾಗಿತು.

ಹಳೆ ಸಿಡಿ ಪ್ಲೇಯರಿನ ಮೋಟಾರು,
ಮೊಬೈಲ್ ಚಾರ್ಜರಿನ ವೈರು.
ಮೊದಲ ಸಲ ರೈಲು ಏರಲಿಲ್ಲ, ಹಾರಿತು,
ನೇರ ಕಡಕ್ ರೊಟ್ಟಿಯ ಬುಟ್ಟಿಗೆ.
ತಂಗಿ ಏನೂ ಅನ್ನಲಿಲ್ಲ, ಬುಟ್ಟಿ ಸರಿಸಿ ಇಟ್ಟಳು.
ಸಣ್ಣ ಗಾಲಿಯಿಂದ ದೊಡ್ಡದಕ್ಕೆ, ಅದರ ಬೆನ್ನಿನ ಸಣ್ಣದರಿಂದ
ಮತ್ತೊಂದು ದೊಡ್ಡದಕ್ಕೆ ಜೋಡಿಸಿದ ಮೇಲೆ
ಅವಸರ ಹೋಗಿ ಬಲ ಬಂತು.

"ಮೋಟಾರು ಎಲ್ಲಿತನಕ ಎಳೀತದ?"
ತುದಿತನಕ ಅಷ್ಟ.
"ಮುಂದ?"
ಮುಂದ ಅದರದು ಅದಕ್ಕ.

ಡಬ್ಬಿಗೆ ಒಂದು ರೂಪಾಯಿಯ ನಾಣ್ಯ ಅಂಟಿಸಿದೆವು,
ಹಗುರ ಇದ್ದದ್ದು ತಿರುವಿನಲ್ಲಿ ನಿಲ್ಲುವುದಿಲ್ಲ.
ತಲೆಯಿಲ್ಲದವನಿಗೆ ಒಂದು ಕಡಲೆಕಾಳು,
ಅದಕ್ಕೆ ಕಣ್ಣು, ಬಾಯಿ, ಮೀಸೆ.
ಎರಡನೇ ತಿರುವಿನಲ್ಲಿ ತಲೆ ಪ್ರತಿ ಸಲ ಹಾರುವುದು,
ಮನುಷ್ಯ ಮಾತ್ರ ಸುಮ್ಮನೆ ಊರು ಸುತ್ತಿ ಬರುವನು.
ಓವಿ ನಕ್ಕು ನಕ್ಕು ಬಿಕ್ಕಳಿಸಿದಳು.

ಆಮೇಲೆ ಒಂದು ರಾತ್ರಿ, ಗುಡ್ಡದ ನಡುವೆ ಇರುವಾಗ
ಕರೆಂಟು ಹೋಯಿತು.
ಡಬ್ಬಿ ಸರ್ರನೆ ಹಿಂದಕ್ಕೆ ಬಂದು
ನೆಲಕ್ಕೆ ಬಿದ್ದು ಐದು ತುಂಡಾಯಿತು.
ಅವಳು ಅಳಲಿಲ್ಲ. ಕತ್ತಲಲ್ಲಿ ಕೈಯಾಡಿಸಿ
ತುಂಡು ಎಣಿಸಿದಳು.

ಮರುದಿನ ಶೆಡ್ಡಿನಲ್ಲಿ ಬಗ್ಗಿ ನೋಡಿದೆ,
ಇಪ್ಪತ್ತೆಂಟು ವರ್ಷದಿಂದ ಎಣ್ಣೆ ಬಿಡುತ್ತಿರುವ ಜಾಗವನ್ನೇ:
ನೇಯ್ದ ಟಾವೆಲ್ಲು ಸುತ್ತಿಕೊಳ್ಳುವ ರೋಲು,
ಅದರ ಬದಿಯ ಹಲ್ಲುಚಕ್ರ,
ಮೇಲೆ ಒರಗಿದ ಒಂದು ಸಣ್ಣ ಕೊಕ್ಕೆ.
ಮುಂದೆ ಹೋಗುವಾಗ ಟಿಕ್ ಟಿಕ್ ಎಂದು ಎದ್ದು ದಾರಿ ಬಿಡುವುದು,
ಹಿಂದೆ ಬರಲು ನೋಡಿದರೆ ಗಕ್ಕನೆ ಹಿಡಿಯುವುದು.
ನೇಯ್ದದ್ದು ಬಿಚ್ಚಿಹೋಗದ ಹಾಗೆ ಕಾಯುವುದು ಅದೊಂದೇ.
ನಾನು ಅದಕ್ಕೆ ಇವತ್ತಿನವರೆಗೆ ಹೆಸರಿಟ್ಟು ಕರೆದವನಲ್ಲ.

ಸಂಜೆ ಓವಿಗೆ ತೋರಿಸಿದೆ, ಹಳದಿ ಇಟ್ಟಿಗೆಯ ಕೊಕ್ಕೆ;
ಯಾರಿಗೂ ಕೂಡದ ಹಳದಿ.

ಮತ್ತೆ ಕರೆಂಟು ಹೋದದ್ದು ಶನಿವಾರ.
ಪೇಟೆಯ ಮಗ್ಗಗಳೆಲ್ಲ ಒಮ್ಮೆಲೆ ನಿಂತವು,
ಕಿವಿಗೆ ಹತ್ತಿ ತುರುಕಿದ ಹಾಗೆ ಮೌನ.
ಮೇಲೆ ಎಲ್ಲೋ ಕತ್ತಲಲ್ಲಿ ನಮ್ಮ ರೈಲು.
"ಬಿತ್ತೇನು?"
ಇಲ್ಲ.
"ಹ್ಯಾಂಗ ಗೊತ್ತು?"
ಸದ್ದು ಬರಲಿಲ್ಲಲ್ಲ.
ಇಬ್ಬರೂ ಕೂತು ಆ ಬಾರದ ಸದ್ದನ್ನು ಕೇಳಿದೆವು,
ಮುಕ್ಕಾಲು ತಾಸು.

ಬೆಳಕು ಬಂದಾಗ ಬೀದಿಯಾಚೆ ಮಗ್ಗ ಖಡಾಖಡಿ ಶುರು,
ಇಲ್ಲಿ ಟಿಕ್, ಟಿಕ್, ಹದಿನೇಳನೇ ಹಲ್ಲಿನಿಂದ ಮುಂದೆ.

ಹೊಸ ಕಡಲೆಕಾಳಿಗೆ ಈಗ ಮುಖ ಬರೆಯುತ್ತಿದ್ದಾಳೆ.
ಮೀಸೆ ಆಯಿತು, ಬಾಯಿ ಆಯಿತು.
ಕಣ್ಣಿನ ಜಾಗದಲ್ಲಿ ಬರೀ ಎರಡು ಗೆರೆ.
ಯಾಕೆ ಅಂತ ಕೇಳಿದರೆ
"ತುದೀಗೆ ಹೋದಮ್ಯಾಲೆ ಮುಚ್ಚಾಕ ಟೈಮ್ ಇರಂಗಿಲ್ಲ ಮಾಮಾ."