ದೋಷದ ಕಾಲಮ್ಮು

ಮಣ್ಣು ಮುಗಿಸಿ ಬಂದವರ ಬೂಟಿಗೆ ಇನ್ನೂ ಎರಿ ಮೆತ್ತಿತ್ತು.
ಉಳಿದ ಬಂದೂಕೆಲ್ಲ ಸ್ಟ್ಯಾಂಡಿಗೆ ಹೋದವು,
ಇದೊಂದು ನನ್ನ ಟೇಬಲ್ಲಿಗೆ ಬಂತು
ಕೊರಳಿಗೆ ಚೀಟಿ ಕಟ್ಟಿಕೊಂಡು:
'ಎರಡನೇ ಸುತ್ತಿಗೆ ಹಾರಲಿಲ್ಲ. ಕಾರಣ ಬರೀರಿ.'

ಹವಾಲ್ದಾರ ಕೊಟ್ರಗೌಡರಿಗೆ ಮೂರು ಸುತ್ತಿನ ಗೌರವ.
ನಡುವಿನದರಾಗ ಒಂದು ಸದ್ದು ಕಮ್ಮಿ ಬಿತ್ತಂತ
ಸಾಹೇಬರ ಕಿವಿಗೆ.
ಹೋದವರು ಎಣಿಸ್ತಾರೇನ್ರೀ, ಅಂತ ಕೇಳೂಹಂಗಿಲ್ಲ.

ಎಣ್ಣಿ ಹೆಚ್ಚಾಗೈತಿ ಅಂದ ಮಕ್ತುಮ.
ಎಣ್ಣಿ ಕಮ್ಮಿ ಅಂದ ಬರಮಪ್ಪ.
ಗದಗಿನ ಗಾಳಿ, ಧೂಳು ಹೊಕ್ಕಿರಬೇಕು ಅಂದ ಚಾ ತಂದ ಹುಡುಗ.

ಬಿಚ್ಚಿದೆ.
ಗ್ಯಾಸಿನ ತೂತಿಗೆ ಸೂಜಿ ಹಾಕಿದೆ, ಸೂಜಿ ಸ್ವಚ್ಛ ಬಂತು.
ಪಿಸ್ಟನ್ನು ಡೊಂಕಿಲ್ಲ.
ಖಾಲಿ ತೋಟಾ ಕಚ್ಚಿ ಎಳಿಯೋ ಕೊಕ್ಕಿ
ಉಗುರಿಗೆ ಹಚ್ಚಿದರ ಇನ್ನೂ ಗೀರತೈತಿ.
ಮ್ಯಾಗಜಿನ್ನಿನ ತುಟಿ ಬಾಗಿಲ್ಲ.
ಸ್ಪ್ರಿಂಗು ಹೊಸದರ ಬಾಜೂಕ ಇಟ್ಟು ಅಳದೆ,
ಗೋದಿಕಾಳಿನಷ್ಟೂ ಫರಕಿಲ್ಲ.

ಮುಳಗುಂದದ ಕುಲುಮ್ಯಾಗ ನಮ್ಮಪ್ಪ ಅಂತಿದ್ದ:
ಕಬ್ಬಿಣಕ್ಕ ನೆವ ಹೇಳಾಕ ಬರೂದಿಲ್ಲಪಾ,
ಅದು ನಮಗಷ್ಟ ಬರತೈತಿ.

ನೀಲವ್ವನ್ನ ಕರಸಿದೆ. ಸೇರಿ ಏಳು ತಿಂಗಳಾದ ಹುಡುಗಿ.
"ನೋಡು ತಂಗಿ, ಸಲಾಮಿ ತೋಟಾದಾಗ ಗುಂಡಿರೂದಿಲ್ಲ, ಬರೇ ಮದ್ದು.
ಮುಂದ ತಡಿಯೋ ಗುಂಡಿಲ್ಲದ್ದಕ್ಕ
ಹರದ ತಿದಿಯೊಳಗಿನ ಗಾಳಿ ಹಂಗ
ಬಿಸಿಯೆಲ್ಲ ಬಾಯಿಂದ ಹೋಗಿಬಿಡತೈತಿ,
ಹಿಂದಕ ದೂಡಾಕ ಏನೂ ಉಳಿಯೂದಿಲ್ಲ.
ತನ್ನಷ್ಟಕ್ಕ ತಾ ತುಂಬಿಕೊಳ್ಳೋ ಬಂದೂಕು ಅಂತ ಹೆಸರು,
ಹೆಣದ ಮುಂದ ಮಾತ್ರ ಅದಕ್ಕ ಕೈ ಬೇಕು.
ಪ್ರತಿ ಸಲ ಹಿಡಿಕಿ ಎಳೀಬೇಕು. ಪೂರಾ. ಕಟ್ ಅಂತ ಬಡಿಯೂಮಟ.
ಹಾತಲಗೇರಿ ನಾಕಾದಾಗ ನಮ್ಮ ಮಾವನ ಟ್ರೆಡಲ್ ಪ್ರೆಸ್ಸಿತ್ತು,
ಕಾಲು ಅರ್ಧಕ್ಕ ನಿಂತರ
ಹಳೇ ಹಾಳಿ ಅದರ ಬಾಯಾಗ, ಹೊಸಾದು ನಮ್ಮ ಕೈಯಾಗ.
ನೀ ಎಷ್ಟು ಎಳದಿ?"

ಎಣ್ಣಿ ಅರಬಿ ಮಡಚಿದಳು, ಬಿಚ್ಚಿದಳು, ಮಡಚಿದಳು.
"ಮೊದಲನೇ ಸದ್ದಿಗೆ ಅವರ ಮೊಮ್ಮಗ
ಕಿವಿ ಮುಚ್ಚಿಕೊಂಡ ಸರ್.
ಎರಡನೇದಕ್ಕ ನಾ ಎಳಿಯೂವಾಗ
ತನ್ನ ಕಿವಿ ಬಿಟ್ಟು
ಅಜ್ಜನ ಕಿವಿ ಮುಚ್ಚಿದ."

ಹೊರಗ ಯಾರೋ ವ್ಯಾನು ಹಿಂದಕ್ಕ ತಗೋತಿದ್ದರು.

"ಮೂರನೇದು?"
"ಹಾರಿಸಿದೆ ಸರ್. ಆ ಕಡೆ ನೋಡಲಿಲ್ಲ."

ರಜಿಸ್ಟರು ತಗದೆ.
ಇಪ್ಪತ್ತೆರಡು ವರ್ಷ, ಈ ಕಾಲಮ್ಮಿನಾಗ
ಕಣ್ಣಿಗೆ ಕಂಡಿದ್ದನ್ನ ಬಿಟ್ಟು ಒಂದಕ್ಷರ ಬರದಿಲ್ಲ.
'ದೋಷವಿಲ್ಲ' ಅಂದರ
ದೋಷ ಅಕೀ ಹೆಸರಿಗೆ ಹೋಗಿ ಕೂಡತೈತಿ.
ಪೆನ್ನು ಝಾಡಿಸಿದೆ.
'ಸ್ಪ್ರಿಂಗ್ ಸಡಿಲ. ಬದಲಿಸಲಾಗಿದೆ.'
ಬರದ ಮ್ಯಾಲ ಬದಲಿಸಬೇಕಲ್ಲ, ಬದಲಿಸಿದೆ.

ತಗದ ಸ್ಪ್ರಿಂಗು ನನ್ನ ಖಾನ್ಯಾಗೈತಿ.
ಕೆಲಸಿಲ್ಲದ ಮಧ್ಯಾಹ್ನ ಒಮ್ಮೊಮ್ಮೆ ಒತ್ತಿ ಬಿಡತೀನಿ:
ಪೂರಾ ಹೋಗತೈತಿ,
ಪೂರಾ ಬರತೈತಿ.